ಆರೂವರೆ ಶಿವಗಂಗೆಯಷ್ಟು ಎತ್ತರದಿಂದ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿ ಮುಂದೆ ಬಂದರೆ, ಸುಮಾರು ಐವತ್ತನೇ ಕಿಲೋಮೀಟರಿಗೆ ದಾಬಸ್‌ಪೇಟೆ ಸಿಗುತ್ತದೆ. ದೂರದ ಊರಿನ ಬಸ್ಸುಗಳು ಹೆದ್ದಾರಿಯಲ್ಲಿ ಹಾಗೇ ಹಾದುಹೋಗುವುದರಿಂದ ಬಹಳ ಮಂದಿಗೆ ಇದು ಕಿಟಕಿಯಿಂದ ಕಂಡ ಊರು, ಅಷ್ಟೇ. ಇಳಿದು ನೋಡಿದರೆ ಇದೊಂದು ಕೂಡುದಾರಿ. ಕೊರಟಗೆರೆ, ಮಧುಗಿರಿಯ ಕಡೆಗೆ ಒಂದು ರಸ್ತೆ, ದೊಡ್ಡಬಳ್ಳಾಪುರದ ಕಡೆಗೆ ಒಂದು, ಶಿವಗಂಗೆಯ ಮೇಲೆ ಮಾಗಡಿ ಸೀಮೆಗೆ ಇನ್ನೊಂದು. ಪಕ್ಕದಲ್ಲೇ ಸೋಂಪುರದ ಕೈಗಾರಿಕಾ ಪ್ರದೇಶ. ಬ್ರಿಟಿಷರ ಆಡಳಿತದ ಕಾಲದಲ್ಲಿ ಈ ಸೀಮೆಯಲ್ಲಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಊರಿಗೆ ಉಳಿಯಿತು ಎನ್ನುತ್ತಾರೆ. ಡಾಬ್ಸ್ ಪೇಟೆ ನಮ್ಮ ಜನರ ಬಾಯಲ್ಲಿ ದಾಬಸ್‌ಪೇಟೆಯಾಯಿತು.

ಊರಿನ ಯಾವ ಬೀದಿಯಲ್ಲಿ ನಿಂತರೂ ಕಣ್ಣು ಹೋಗುವುದು ಒಂದೇ ಕಡೆಗೆ, ಶಿವಗಂಗೆ ಬೆಟ್ಟಕ್ಕೆ. ಒಂದು ದಿಕ್ಕಿನಿಂದ ಬಸವನಂತೆ, ಇನ್ನೊಂದರಿಂದ ಗಣಪನಂತೆ, ಮತ್ತೊಂದರಿಂದ ಲಿಂಗದಂತೆ, ಮಗದೊಂದರಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದೆ ಎಂದು ಹಿರಿಯರು ಹೇಳುವ ಬೆಟ್ಟ. ದಕ್ಷಿಣ ಕಾಶಿ ಎಂದೂ ಹೆಸರು. ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಅಡಿಗೂ ಮೇಲೆ ಇದರ ನೆತ್ತಿ. ದಾಬಸ್‌ಪೇಟೆಯ ಬಯಲೇ ಸುಮಾರು ಮೂರು ಸಾವಿರ ಅಡಿಯಲ್ಲಿರುವುದರಿಂದ, ನಾವು ಕಾಲಲ್ಲಿ ಹತ್ತುವ ಬೆಟ್ಟ ಹೆಚ್ಚುಕಡಿಮೆ 1,500 ಅಡಿ. ಮಕ್ಕಳೇ, ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಹತ್ತುವ ದಾರಿ

ಚಳಿಗಾಲದ ಒಂದು ಬೆಳಗ್ಗೆ ನಾವು ಮೂವರು ಬೆಟ್ಟ ಹತ್ತಿದೆವು. ಡಿಗ್ರಿ ಮೊದಲ ವರ್ಷ ಓದುವ ಮೊಮ್ಮಗಳು, ಏಳನೇ ತರಗತಿಯ ಮೊಮ್ಮಗ, ಮತ್ತು ಎಪ್ಪತ್ತು ದಾಟಿದ ನಾನು.

ದಾರಿಯ ಮೊದಲ ಭಾಗ ಸುಲಭ. ಗುಹೆಯೊಳಗಿನ ಗಂಗಾಧರೇಶ್ವರನ ಗುಡಿ, ಹೊನ್ನಾದೇವಿಯ ಗುಡಿ, ಪಾತಾಳಗಂಗೆ ಎಲ್ಲ ಇದೇ ಹಾದಿಯಲ್ಲಿ. ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬುದು ಇಲ್ಲಿನ ಭಕ್ತರ ನಂಬಿಕೆ. ಹೊಯ್ಸಳರ ವಿಷ್ಣುವರ್ಧನನ ರಾಣಿ, ನಾಟ್ಯಕ್ಕೆ ಹೆಸರಾದ ಶಾಂತಲೆ, 1131ರಲ್ಲಿ ತೀರಿಕೊಂಡದ್ದು ಶಿವಗಂಗೆಯಲ್ಲೇ ಎಂದು ಶಾಸನ ಹೇಳುತ್ತದೆ.

ಒಳಕಲ್ಲು ತೀರ್ಥದಲ್ಲಿ ಕಲ್ಲಿನ ಕಿರಿದಾದ ಕುಳಿಯೊಳಗೆ ಕೈ ಹಾಕಬೇಕು. ನೀರು ಸಿಕ್ಕಿದವರಿಗೆ ಪುಣ್ಯ. ಮೊಮ್ಮಗನಿಗೆ ಸಿಕ್ಕಿತು. ಅಲ್ಲಿಂದ ಮೇಲೆ ಬೆಟ್ಟದ ಸ್ವಭಾವ ಬದಲಾಗುತ್ತದೆ. ಬಂಡೆಯಲ್ಲೇ ಕಡಿದ ಕಿರಿದಾದ ಮೆಟ್ಟಿಲು, ಕಡಿದಾದ ಏರು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಇಲ್ಲಿ ಕೋತಿಗಳ ಕಾಟ ಬೇರೆ. ಕೈಯಲ್ಲಿ ಹಿಡಿದ ಚೀಲ, ನೀರಿನ ಬಾಟಲಿ, ಹಣೆಯ ಮೇಲೇರಿಸಿದ ಕನ್ನಡಕ ಯಾವುದನ್ನೂ ಅವು ಬಿಡವು. ಇದಕ್ಕೇ ಹೊರಡುವ ಮೊದಲೇ ಮಕ್ಕಳಿಗೆ ಮೂರು ಮಾತು ಹೇಳಿದ್ದೆ. ಎರಡೂ ಕೈ ಖಾಲಿ ಇರಬೇಕು. ಮೈಮೇಲೆ ನೇತಾಡುವ ಯಾವ ವಸ್ತುವೂ ಇರಬಾರದು. ಜಾರದ ಅಡಿಯ, ಲೇಸು ಕಟ್ಟುವ ಶೂ ಇರಬೇಕು.

ನೆತ್ತಿಯ ಹತ್ತಿರ, ಚಾಚಿಕೊಂಡ ಬಂಡೆಯ ಮೇಲೆ, ಬಂಡೆಯಲ್ಲೇ ಕಡೆದ ಬಸವಣ್ಣ ಕುಳಿತಿದ್ದಾನೆ. ಅವನ ಸುತ್ತ ಒಬ್ಬೊಬ್ಬರೇ ಕಂಬಿ ಹಿಡಿದು ಬರಬೇಕು. ಇನ್ನೂ ಮೇಲೆ ತೀರ್ಥಕಂಬ. ಸಂಕ್ರಾಂತಿಯ ದಿನ ಅಲ್ಲಿ ಗಂಗೆ ಉಕ್ಕುತ್ತಾಳೆಂದು ಸಾವಿರಾರು ಜನ ಸೇರುತ್ತಾರೆ. ನಿಂತು ನಿಂತು ಹತ್ತಿದ್ದರಿಂದ ಮೇಲೆ ಮುಟ್ಟಲು ನಮಗೆ ಎರಡು ಗಂಟೆಗಿಂತ ಹೆಚ್ಚೇ ಹಿಡಿಯಿತು.

ನೆತ್ತಿಯ ಮೇಲೆ ಒಂದು ಪ್ರಶ್ನೆ

ಬಸವಣ್ಣನ ಕೆಳಗಿನ ಬಂಡೆಯ ನೆರಳಲ್ಲಿ ಕುಳಿತಿದ್ದಾಗ, ದೇವನಹಳ್ಳಿಯ ನಿಲ್ದಾಣದ ಕಡೆಗೆ ವಿಮಾನವೊಂದು ಹೋಯಿತು. ಅದನ್ನೇ ನೋಡುತ್ತಿದ್ದ ಮೊಮ್ಮಗಳು, “ತಾತ, ನಮ್ಮ ಕಾಲೇಜಿನವರು ಕೆಲವರು ಸ್ಕೈಡೈವಿಂಗ್‌ಗೆ ಹೋಗೋಣ ಅಂತಿದ್ದಾರೆ. ನನಗೂ ಹದಿನೆಂಟು ಆಯ್ತಲ್ಲ, ಹೋಗಲಾ?” ಎಂದಳು.

“ಅಕ್ಕ ಬಿದ್ದುಹೋಗ್ತಾಳೆ!” ಎಂದ ತಮ್ಮ.

ಮನೆಯಲ್ಲಿ ಈ ಮಾತು ಬಂದರೆ ಅಜ್ಜಿ-ತಾತಂದಿರು ಸಾಮಾನ್ಯವಾಗಿ ಹೇಳುವುದು ಎರಡರಲ್ಲಿ ಒಂದು. “ಬೇಡವೇ ಬೇಡ” ಎನ್ನುತ್ತೇವೆ, ಇಲ್ಲವೇ “ಅಪ್ಪನನ್ನು ಕೇಳು” ಎಂದು ಜಾರಿಕೊಳ್ಳುತ್ತೇವೆ. ಎರಡರಿಂದಲೂ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಹೇಳದೆ ಹೋಗುವ ಅಪಾಯ ಮಾತ್ರ ಹೆಚ್ಚುತ್ತದೆ. ಹೀಗಾಗಿ, ಈ ಆಟಕ್ಕೆ ಏನು ಬೇಕು, ಅಪಾಯ ಎಲ್ಲಿದೆ, ಅದನ್ನು ತಡೆಯಲು ಏನೇನು ಮಾಡುತ್ತಾರೆ ಎಂಬುದನ್ನು ಅಲ್ಲೇ ಕುಳಿತು ಮಾತಾಡಿದೆವು. ಅಳತೆಗೆ ಶಿವಗಂಗೆಯೇ ಇತ್ತು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಜೀಪು ಅಥವಾ ದೋಣಿಗೆ ಹಗ್ಗ ಕಟ್ಟಿ ಎಳೆದು ಮೇಲೇರಿಸುವುದು ಪ್ಯಾರಾಸೈಲಿಂಗ್. ಬೆಟ್ಟದ ಇಳಿಜಾರಿನಲ್ಲಿ, ಮೊದಲೇ ಬಿಚ್ಚಿಕೊಂಡ ರೆಕ್ಕೆಯೊಡನೆ ಓಡಿ ತೇಲುವುದು ಪ್ಯಾರಾಗ್ಲೈಡಿಂಗ್. ವಿಮಾನದಿಂದ ಜಿಗಿದು, ಸ್ವಲ್ಪ ಹೊತ್ತು ಹಾಗೇ ಬಿದ್ದು, ಆಮೇಲೆ ಪ್ಯಾರಾಚೂಟ್ ಬಿಚ್ಚುವುದು ಸ್ಕೈಡೈವಿಂಗ್. ಮೂರಕ್ಕೂ ಸಲಕರಣೆ ಬೇರೆ, ತರಬೇತಿ ಬೇರೆ. ಒಂದರ ಅನುಭವ ಇನ್ನೊಂದಕ್ಕೆ ಸಾಲದು.

ಈಗ ಲೆಕ್ಕ. ಹೊಸಬರನ್ನು ಸಾಮಾನ್ಯವಾಗಿ ನೆಲದಿಂದ 10,000 ಅಡಿಯ ಆಸುಪಾಸಿನಲ್ಲಿ ವಿಮಾನದಿಂದ ಇಳಿಸುತ್ತಾರೆ. ಅಂದರೆ ದಾಬಸ್‌ಪೇಟೆಯ ಬಯಲಿನ ಮೇಲೆ ಒಂದರ ಮೇಲೊಂದರಂತೆ ಆರೂವರೆ ಶಿವಗಂಗೆ ಪೇರಿಸಿದ ಎತ್ತರ. ಜಿಗಿದ ಮೊದಲ ಹತ್ತು ಸೆಕೆಂಡಿನಲ್ಲಿ ಸುಮಾರು ಸಾವಿರ ಅಡಿ ಇಳಿಯುತ್ತಾರೆ. ಅಷ್ಟರಲ್ಲಿ ಗಾಳಿಯ ತಡೆ ಮತ್ತು ಭೂಮಿಯ ಸೆಳೆತ ಸಮವಾಗಿ, ವೇಗ ಗಂಟೆಗೆ ಸುಮಾರು 190 ಕಿಲೋಮೀಟರಿನಲ್ಲಿ ನಿಲ್ಲುತ್ತದೆ. ಆ ವೇಗದಲ್ಲಿ ಒಂದು ಶಿವಗಂಗೆಯಷ್ಟು ಇಳಿಯಲು ಬೇಕಾಗುವುದು ಒಂಬತ್ತು ಸೆಕೆಂಡು. ನಾವು ಎರಡು ಗಂಟೆ ಹತ್ತಿದ ಬೆಟ್ಟ!

ಸುಮಾರು 5,000 ಅಡಿ, ಅಂದರೆ ಮೂರು ಬೆಟ್ಟಕ್ಕೂ ಸ್ವಲ್ಪ ಮೇಲಿರುವಾಗಲೇ, ಹೊಸಬರ ಪ್ಯಾರಾಚೂಟ್ ಬಿಚ್ಚಬೇಕು. ಅದು ಬಿಚ್ಚಿದ ಮೇಲೆ ಉಳಿದ ದೂರಕ್ಕೆ ಐದಾರು ನಿಮಿಷ. “ಇನ್ನೂ ಕೆಳಗೆ ಬಂದು ಬಿಚ್ಚಿದರೆ ಮಜಾ ಜಾಸ್ತಿ ಅಲ್ವಾ?” ಎಂದ ಮೊಮ್ಮಗ. ಉತ್ತರ ಸುಲಭ. ಏನಾದರೂ ತಪ್ಪಿದರೆ ಸರಿಪಡಿಸಲು ಹೊತ್ತು ಬೇಕು. ಆಕಾಶದಲ್ಲಿ ಹೊತ್ತು ಎಂದರೆ ಎತ್ತರ. ಮೇಲಿದ್ದಷ್ಟೂ ಭಯ ಎಂದು ನಮಗನಿಸುತ್ತದೆ. ಜಿಗಿಯುವವರಿಗೆ ಎತ್ತರವೇ ಆಪ್ತ.

ರೇಷ್ಮೆಯಿಂದ ನೈಲಾನಿಗೆ

ಪ್ಯಾರಾಚೂಟಿನ ಕತೆ ಹಳೆಯದು. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ಆಂದ್ರೆ-ಜಾಕ್ ಗಾರ್ನೆರಿನ್ ಎಂಬಾತ ಬಲೂನಿನಲ್ಲಿ ಮೇಲೇರಿ, ಹಗ್ಗ ಕತ್ತರಿಸಿ, ದೊಡ್ಡ ಕೊಡೆಯಂಥ ಬಟ್ಟೆಯ ಕೆಳಗಿನ ಬುಟ್ಟಿಯಲ್ಲಿ ಕುಳಿತು ಇಳಿದ. ಕೊಡೆ ಜೋರಾಗಿ ಓಲಾಡಿತು. ಮೇಲೆ ಗಾಳಿ ಹೊರಹೋಗಲು ರಂಧ್ರವಿಲ್ಲದಿದ್ದುದೇ ಕಾರಣ. ಎರಡು ವರ್ಷದ ಮೇಲೆ ಜಾನ್ ಲಾಬ್ರೋಸ್ ಪ್ಯಾರಾಚೂಟಿನಲ್ಲಿ ಇಳಿದ ಮೊದಲ ಹೆಣ್ಣುಮಗಳಾದಳು. ವಿಮಾನದಿಂದ ಜಿಗಿದು, ಬೀಳುತ್ತಲೇ ತನ್ನ ಕೈಯಿಂದ ಹಿಡಿ ಎಳೆದು ಪ್ಯಾರಾಚೂಟ್ ಬಿಚ್ಚುವ ಕ್ರಮವನ್ನು 1919ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಲೆಸ್ಲಿ ಇರ್ವಿನ್ ತೋರಿಸಿಕೊಟ್ಟ.

ಆಗೆಲ್ಲ ಪ್ಯಾರಾಚೂಟಿನ ಬಟ್ಟೆ ರೇಷ್ಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟಿಗೆಂದು ರೇಷ್ಮೆಗೆ ಬೇಡಿಕೆ ಬಂದು, ಸೋತು ಮಲಗಿದ್ದ ಮೈಸೂರು ಸಂಸ್ಥಾನದ ರೇಷ್ಮೆ ಉದ್ಯಮ ಚೇತರಿಸಿಕೊಂಡಿತು. ಹಿಪ್ಪುನೇರಳೆ ಬೆಳೆದ ನಮ್ಮ ರೈತರ ಬೆವರೂ ಆ ಕೊಡೆಗಳಲ್ಲಿತ್ತು ಎನ್ನಬೇಕು. ಆಮೇಲೆ ನೈಲಾನ್ ಬಂತು. ದುಂಡು ಕೊಡೆಯ ಜಾಗಕ್ಕೆ, ಗಾಳಿ ತುಂಬಿಕೊಂಡು ರೆಕ್ಕೆಯಂತೆ ನಿಲ್ಲುವ ಚೌಕಾಕಾರದ್ದು ಬಂತು. ಅದನ್ನು ಎಡಬಲಕ್ಕೆ ತಿರುಗಿಸಬಹುದು, ಇಳಿಯುವಾಗ ವೇಗ ತಗ್ಗಿಸಬಹುದು.

ನಮ್ಮಲ್ಲಿ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಜಿಗಿತ ಕಲಿಸುವ ಶಾಲೆ ಆಗ್ರಾದಲ್ಲಿದೆ. ವಾಯುಪಡೆಯ ‘ಆಕಾಶಗಂಗಾ’ ತಂಡ 1987ರಲ್ಲಿ ಆರಂಭವಾದದ್ದು. ಮೈಸೂರು ದಸರೆಯ ವಾಯು ಪ್ರದರ್ಶನದಲ್ಲಿ ಈ ತಂಡ ಬಣ್ಣದ ಪ್ಯಾರಾಚೂಟುಗಳಲ್ಲಿ ಮೈದಾನಕ್ಕೆ ಇಳಿದದ್ದನ್ನು ಓದುಗರಲ್ಲಿ ಕೆಲವರಾದರೂ ನೋಡಿರಬಹುದು.

ಬೆನ್ನ ಮೇಲಿನ ಚೀಲದಲ್ಲಿ ಏನಿದೆ?

ಜಿಗಿಯುವವರ ಬೆನ್ನ ಮೇಲಿರುವುದು ಒಂದು ಪ್ಯಾರಾಚೂಟ್ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಅಲ್ಲಿರುವುದು ಎರಡು. ಒಂದು ಮುಖ್ಯ ಪ್ಯಾರಾಚೂಟ್, ಇನ್ನೊಂದು ಮೀಸಲು. ಮುಖ್ಯದ್ದನ್ನು ಪ್ರತಿ ಜಿಗಿತದ ನಂತರ ಮಡಿಸುತ್ತಾರೆ. ಮೀಸಲನ್ನು ಹಾಗೆ ಯಾರೆಂದರವರು ಮುಟ್ಟುವಂತಿಲ್ಲ. ಅದಕ್ಕೆಂದೇ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದವರು ಮಡಿಸಿ, ಮೊಹರು ಹಾಕಿ, ದಿನಾಂಕ ಬರೆದು ಸಹಿ ಮಾಡುತ್ತಾರೆ. ಬಳಸದೆ ಇದ್ದರೂ ಅವಧಿ ಮುಗಿದರೆ ಬಿಚ್ಚಿ, ನೋಡಿ, ಮತ್ತೆ ಮಡಿಸಬೇಕು. ಅಮೆರಿಕದಲ್ಲಿ ಈ ಅವಧಿ 180 ದಿನ.

ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಣದ ತಿಜೋರಿಗೆ ಎರಡು ಬೀಗದಕೈ, ಎರಡೂ ಬೇರೆ ಬೇರೆಯವರ ಬಳಿ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ಸಹಿ ಮಾಡದೆ ಚೀಟಿ ಮುಂದೆ ಹೋಗುವುದಿಲ್ಲ. ಒಬ್ಬರ ಮೇಲೆ ನಂಬಿಕೆಯಿಲ್ಲ ಎಂದು ಹೀಗೆ ಮಾಡುವುದಲ್ಲ. ಎಂಥ ಒಳ್ಳೆಯವರ ಕಣ್ಣೂ ಒಂದು ದಿನ ತಪ್ಪುತ್ತದೆ ಎಂದು. ಸ್ಕೈಡೈವಿಂಗ್‌ನಲ್ಲೂ ಸಲಕರಣೆಯನ್ನು ಹಾಕಿಕೊಳ್ಳುವ ಮೊದಲು, ಹಾಕಿಕೊಂಡ ಮೇಲೆ, ವಿಮಾನದಿಂದ ಇಳಿಯುವ ಮುನ್ನ ಮತ್ತೆ ಮತ್ತೆ ನೋಡುತ್ತಾರೆ. ಬೆನ್ನ ಹಿಂದಿನದು ತನಗೆ ಕಾಣದ್ದರಿಂದ ಇನ್ನೊಬ್ಬರ ಕೈಯಿಂದ ನೋಡಿಸಬೇಕು.

ಈಗ ಒಂದೊಂದಾಗಿ ನೋಡೋಣ.

ಮೈಗೆ ಬಿಗಿಯುವ ಪಟ್ಟಿಗಳು: ಎರಡು ತೊಡೆಗೆ, ಒಂದು ಎದೆಗೆ. ಜೋಡಿ ಜಿಗಿತದಲ್ಲಿ ಹೊಸಬರು ಹಾಕಿಕೊಳ್ಳುವ ಪಟ್ಟಿಗಳನ್ನು ತರಬೇತುದಾರರ ಪಟ್ಟಿಗಳಿಗೆ ನಾಲ್ಕು ಕಡೆ ಕೊಂಡಿಗಳಿಂದ ಸೇರಿಸುತ್ತಾರೆ, ಭುಜದ ಹತ್ತಿರ ಎರಡು, ಸೊಂಟದ ಹತ್ತಿರ ಎರಡು. ಪಟ್ಟಿ ಸಡಿಲ ಅನಿಸಿದರೆ ಸಂಕೋಚವಿಲ್ಲದೆ ಹೇಳಬೇಕು.

ಹಿಡಿಗಳು: ಮುಖ್ಯ ಪ್ಯಾರಾಚೂಟ್ ಬಿಚ್ಚಲು ಒಂದು. ಅದು ಸುತ್ತಿಕೊಂಡು ಕೆಟ್ಟರೆ ಕಳಚಿ ಬಿಡಲು ಒಂದು. ಮೀಸಲನ್ನು ಬಿಚ್ಚಲು ಮತ್ತೊಂದು. ಕೆಟ್ಟದ್ದನ್ನು ಮೊದಲು ಕಳಚಬೇಕು, ಆಮೇಲೆ ಮೀಸಲು. ಹಾಗೆ ಮಾಡದಿದ್ದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಳ್ಳಬಹುದು. ಈ ಕ್ರಮವನ್ನು ಕಲಿಯುವವರು ನೆಲದ ಮೇಲೆ ನೂರಾರು ಸಲ ಕೈಯಾಡಿಸಿ ರೂಢಿ ಮಾಡಿಕೊಳ್ಳುತ್ತಾರೆ.

ಎತ್ತರ ತೋರಿಸುವ ಮಾಪಕ: ಕೈಗಡಿಯಾರದಂತೆ ಮಣಿಕಟ್ಟಿಗೆ ಕಟ್ಟುವಂಥದ್ದು. ಗಾಳಿಯ ಒತ್ತಡ ಅಳೆದು ಎತ್ತರ ತೋರಿಸುತ್ತದೆ. ಬೀಳುವಾಗ ಕಣ್ಣಂದಾಜು ನಂಬುವಂತಿಲ್ಲ.

ತಾನೇ ಬಿಚ್ಚುವ ಯಂತ್ರ: ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಇದು. ಚೀಲದೊಳಗಿನ ಪುಟ್ಟ ಪೆಟ್ಟಿಗೆಯಂಥ ಗಣಕ. ಜಿಗಿದವರಿಗೆ ಎಚ್ಚರ ತಪ್ಪಿದರೂ, ಗಾಬರಿಯಲ್ಲಿ ಕೈ ಆಡದಿದ್ದರೂ, ಇನ್ನೂ ಅತಿ ವೇಗದಲ್ಲಿ ಬೀಳುತ್ತಿದ್ದಾರೆಂದು ಕಂಡರೆ ಮೀಸಲು ಪ್ಯಾರಾಚೂಟ್ ಮುಚ್ಚಿಟ್ಟ ದಾರವನ್ನು ತಾನೇ ಕತ್ತರಿಸುತ್ತದೆ. 1991ರಲ್ಲಿ ಜರ್ಮನಿಯಿಂದ ಬಂದ ‘ಸೈಪ್ರೆಸ್’ ಎಂಬ ಯಂತ್ರ ಇವುಗಳಲ್ಲಿ ಹೆಸರುವಾಸಿ. ಪಳಗಿದವರ ಯಂತ್ರ ಸುಮಾರು 750 ಅಡಿಯಲ್ಲಿ, ಅಂದರೆ ಅರ್ಧ ಶಿವಗಂಗೆಯ ಎತ್ತರದಲ್ಲಿ, ಕೆಲಸ ಮಾಡುತ್ತದೆ. ಅಲ್ಲಿಂದ ನೆಲಕ್ಕೆ ಉಳಿದಿರುವುದು ನಾಲ್ಕೇ ಸೆಕೆಂಡು. ಜೋಡಿ ಜಿಗಿತದ ಯಂತ್ರ ಇನ್ನೂ ಮೇಲೆ, ಸುಮಾರು 1,900 ಅಡಿಯಲ್ಲಿ, ಅಂದರೆ ಒಂದೂಕಾಲು ಶಿವಗಂಗೆಯಲ್ಲಿ. ಯಂತ್ರವಿದೆ ಎಂದು ಕೈಕಟ್ಟಿ ಕೂರುವಂತಿಲ್ಲ. ಅದು ಕೊನೆಯ ಕಾವಲು.

ಹೆಲ್ಮೆಟ್, ಕನ್ನಡಕ: ಆ ವೇಗದ ಗಾಳಿಯಲ್ಲಿ ಕಣ್ಣು ತೆರೆಯಲಾಗುವುದಿಲ್ಲ. ಓದುವ ಕನ್ನಡಕ ಹಾಕುವವರಿಗೆ ಅದರ ಮೇಲೇ ಕೂರುವ ದೊಡ್ಡ ರಕ್ಷಣಾ ಕನ್ನಡಕ ಇರುತ್ತದೆ. ಮೊದಲೇ ಕೇಳಿಡಬೇಕು.

ಉಡುಪು, ಮೈ, ವಯಸ್ಸು

ಬೆಟ್ಟಕ್ಕೆ ಹೇಳಿದ ಮೂರು ಮಾತು ಇಲ್ಲಿಗೂ ಸರಿ. ಲೇಸು ಬಿಗಿದ ಶೂ ಬೇಕು, ಆದರೆ ಲೇಸು ಸಿಕ್ಕಿಸುವ ಲೋಹದ ಕೊಕ್ಕೆಯಿರುವ ಶೂ ಬೇಡ. ಪ್ಯಾರಾಚೂಟಿನ ದಾರ ಅದಕ್ಕೆ ಸಿಕ್ಕಿಕೊಳ್ಳಬಹುದು. ಚಪ್ಪಲಿ ನಿಲ್ಲುವುದೇ ಇಲ್ಲ. ಉಂಗುರ, ಬಳೆ, ಸರ, ಓಲೆ ತೆಗೆದಿಡಬೇಕು. ಜೇಬಿನಲ್ಲಿ ಮೊಬೈಲು, ಬೀಗದಕೈ ಇರಬಾರದು. ಸಾವಿರಾರು ಅಡಿ ಮೇಲಿಂದ ಬಿದ್ದ ಬೀಗದಕೈ ಕೆಳಗಿದ್ದವರಿಗೆ ಗುಂಡಿನಂತೆಯೇ. ಉದ್ದ ಕೂದಲಿದ್ದರೆ ಜಡೆ ಹೆಣೆದು ಒಳಗೆ ಸೇರಿಸಬೇಕು. ಸಾವಿರ ಅಡಿ ಮೇಲೇರಿದಂತೆ ಉಷ್ಣತೆ ಸುಮಾರು 2 ಡಿಗ್ರಿ ಇಳಿಯುತ್ತದೆ. ಕೆಳಗೆ 30 ಡಿಗ್ರಿ ಇದ್ದರೆ 10,000 ಅಡಿಯಲ್ಲಿ ಸುಮಾರು 10. ಹಾಗಾಗಿ ಮೈತುಂಬ ಬಟ್ಟೆ ಬೇಕು.

“ಸೀರೆ ಉಟ್ಟು ಜಿಗಿಯಬಹುದಾ?” ಎಂದು ಮೊಮ್ಮಗಳು ನಕ್ಕಳು. ಜಿಗಿದವರಿದ್ದಾರೆ! ಪುಣೆಯ ಶೀತಲ್ ಮಹಾಜನ್ 2018ರಲ್ಲಿ ಥಾಯ್ಲೆಂಡಿನಲ್ಲಿ ಒಂಬತ್ತು ಗಜದ ಸೀರೆಯುಟ್ಟು 13,000 ಅಡಿಯಿಂದ ಜಿಗಿದರು. 2004ರಲ್ಲಿ ಉತ್ತರ ಧ್ರುವದಲ್ಲಿ ಜಿಗಿದವರು, ಪದ್ಮಶ್ರೀ ಪಡೆದವರು. ಸೀರೆಯ ಸೆರಗು, ನೆರಿಗೆ ಯಾವುದೂ ಹಿಡಿಗಳಿಗೆ ಅಡ್ಡ ಬರದಂತೆ ಬಿಗಿದುಕೊಂಡು ಜಿಗಿಯಲು ಅಷ್ಟು ವರ್ಷದ ಅನುಭವ ಬೇಕು. ಹೊಸಬರಿಗೆ ಅದು ಹೊಂದದು.

ವಯಸ್ಸಿಗೆ ಬಂದರೆ, ಸಾಮಾನ್ಯವಾಗಿ 18 ತುಂಬಿರಬೇಕು. ತೂಕಕ್ಕೂ ಮಿತಿಯುಂಟು. ಅದು ಆಯಾ ಜಾಗದ ಸಲಕರಣೆಯ ಮೇಲೆ ಹೋಗುತ್ತದೆ, ಕೇಳಿ ತಿಳಿಯಬೇಕು. ಹೃದಯದ ತೊಂದರೆ, ಹಿಡಿತಕ್ಕೆ ಬಾರದ ರಕ್ತದೊತ್ತಡ, ಮೂರ್ಛೆ ರೋಗ, ಬೆನ್ನು ಅಥವಾ ಮಂಡಿ ನೋವು, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಹೋಗಬಾರದು. ಗರ್ಭಿಣಿಯರು ಹೋಗಲೇಬಾರದು. ಶೀತವಾಗಿ ಮೂಗು ಕಟ್ಟಿದ್ದರೂ ಆ ದಿನ ಬೇಡ, ಒತ್ತಡ ಬದಲಾಗುವಾಗ ಕಿವಿ ವಿಪರೀತ ನೋಯುತ್ತದೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ, ಬೆಳಗ್ಗೆ ಹಗುರವಾಗಿ ಎರಡು ಇಡ್ಲಿ ಸಾಕು.

ನಮ್ಮ ವಯಸ್ಸಿನವರಿಗೂ ಒಂದು ಮಾತು. ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಎಚ್. ಡಬ್ಲ್ಯು. ಬುಷ್, 2014ರ ಜೂನ್ 12ರಂದು, ತಮ್ಮ 90ನೇ ಹುಟ್ಟುಹಬ್ಬದ ದಿನ ಜೋಡಿ ಜಿಗಿತ ಜಿಗಿದರು. 1944ರ ಯುದ್ಧದಲ್ಲಿ ಅವರ ವಿಮಾನಕ್ಕೆ ಗುಂಡು ತಾಗಿದಾಗ ಪ್ಯಾರಾಚೂಟೇ ಅವರನ್ನು ಉಳಿಸಿತ್ತು. ಅವರ ಜೊತೆ ಜಿಗಿತದಲ್ಲಿ ಪಳಗಿದವರು ಇದ್ದರು ಎಂಬುದನ್ನು ಮರೆಯಬಾರದು. ಯಾವ ಅಜ್ಜನಾದರೂ ಹೊರಟರೆ ಕಟ್ಟಿಸಿದ ಹಲ್ಲು, ಕಿವಿಯ ಯಂತ್ರ ಎರಡನ್ನೂ ಕೆಳಗೇ ಬಿಟ್ಟು ಹೊರಡಲಿ!

ಹಿರಿಯರು ಕೇಳಬೇಕಾದ ಪ್ರಶ್ನೆಗಳು

ನಮ್ಮ ದೇಶದಲ್ಲಿ ಹರಿಯಾಣದ ನಾರನೌಲ್‌ನಲ್ಲಿ ಸ್ಕೈಡೈವಿಂಗ್ ನಡೆಯುತ್ತದೆ. ಮೈಸೂರಿನಲ್ಲೂ ಶಿಬಿರಗಳು ನಡೆದದ್ದುಂಟು. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ರಾಷ್ಟ್ರೀಯ ವಾಯು ಕ್ರೀಡಾ ನೀತಿಯೊಳಗೆ ಇದೂ ಸೇರಿದೆ. ಮಕ್ಕಳು ಹೋಗುತ್ತೇವೆಂದರೆ ದುಡ್ಡು ಕಟ್ಟುವ ಮೊದಲು ನಾವು ಕೇಳಬೇಕಾದದ್ದು ಇಷ್ಟು.

ನಡೆಸುವವರಿಗೆ ಸರ್ಕಾರದ ಅನುಮತಿ ಇದೆಯೇ, ಪತ್ರ ತೋರಿಸುತ್ತಾರೆಯೇ? ಜೊತೆಯಲ್ಲಿ ಜಿಗಿಯುವ ತರಬೇತುದಾರರಿಗೆ ಜೋಡಿ ಜಿಗಿತದ್ದೇ ಪರವಾನಗಿ ಇದೆಯೇ? ಮೀಸಲು ಪ್ಯಾರಾಚೂಟನ್ನು ಯಾವ ದಿನ ಮಡಿಸಿದ್ದು, ಚೀಟಿ ಎಲ್ಲಿ? ತಾನೇ ಬಿಚ್ಚುವ ಯಂತ್ರ ಇದೆಯೇ, ಚಾಲೂ ಮಾಡಿದ್ದಾರೆಯೇ? ಇಳಿಯುವ ಬಯಲು ವಿಶಾಲವಾಗಿದೆಯೇ, ವಿದ್ಯುತ್ ತಂತಿ, ಕೆರೆ, ಹೆದ್ದಾರಿ ಹತ್ತಿರವಿಲ್ಲ ತಾನೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ, ಆಂಬುಲೆನ್ಸ್ ನಿಂತಿರುತ್ತದೆಯೇ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಗಾಳಿ ಜೋರಾದರೆ, ಮೋಡ ಕವಿದರೆ ಏನು ಮಾಡುತ್ತೀರಿ? “ಜಿಗಿತ ರದ್ದು, ಇನ್ನೊಂದು ದಿನ ಬನ್ನಿ, ದುಡ್ಡು ಇಂಥ ಕ್ರಮದಲ್ಲಿ ವಾಪಸ್” ಎಂದು ಸ್ಪಷ್ಟವಾಗಿ ಹೇಳುವವರು ನಂಬಿಕೆಗೆ ಅರ್ಹರು. “ಏನೂ ಆಗಲ್ಲ ಸಾರ್, ನಡೆಯುತ್ತೆ” ಎನ್ನುವವರಿದ್ದರೆ ಅಲ್ಲಿಂದಲೇ ಎದ್ದು ಬನ್ನಿ.

ಇನ್ನು ಕಾಗದ. ಹೊಣೆ ನಮ್ಮದೇ ಎಂದು ಒಪ್ಪುವ ಹಲವು ಪುಟದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಮನೆಗೆ ತರಿಸಿ ಹಿಂದಿನ ದಿನವೇ ಓದಬೇಕು. ವಿಮಾನ ಸದ್ದು ಮಾಡುತ್ತಿರುವಾಗ ಯಾರೂ ಕಾಗದ ಓದಲಾರರು. ಅನೇಕ ಅಪಘಾತ ವಿಮೆಗಳಲ್ಲಿ ಸಾಹಸ ಕ್ರೀಡೆಗೆ ಪರಿಹಾರವಿಲ್ಲ ಎಂಬ ಷರತ್ತು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನು ಹುಡುಕುವುದು ನಮ್ಮಂಥ ನಿವೃತ್ತರಿಗೆ ತಕ್ಕ ಕೆಲಸ.

ಇಷ್ಟೆಲ್ಲ ಸರಿಯಿದ್ದರೂ ಅಪಾಯ ಸೊನ್ನೆಯಾಗುವುದಿಲ್ಲ, ಇದನ್ನು ಮಕ್ಕಳಿಂದ ಮುಚ್ಚಿಡಬಾರದು. 2025ರ ಫೆಬ್ರವರಿಯಲ್ಲಿ ಆಗ್ರಾದಲ್ಲಿ ತರಬೇತಿಯ ವೇಳೆ ಪ್ಯಾರಾಚೂಟ್ ತೆರೆದುಕೊಳ್ಳದೆ, ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ವಾಯುಪಡೆಯ ವಾರಂಟ್ ಆಫೀಸರ್ ಒಬ್ಬರು ಪ್ರಾಣ ಕಳೆದುಕೊಂಡರು. ಬೇರೆಯವರಿಗೆ ಕಲಿಸುತ್ತಿದ್ದವರು ಅವರು. ದೇಶದ ಕೆಲಸದಲ್ಲಿದ್ದ ಅವರ ಅಪಾಯ ಬೇರೆ, ಖುಷಿಗೆಂದು ಹೋಗುವವರ ಅಪಾಯ ಬೇರೆ. ಆದರೂ ಆ ಮನೆಯ ದುಃಖವನ್ನು ನೆನೆದರೆ, ಸಲಕರಣೆ ನೋಡುವಾಗ ಯಾರೂ ಅವಸರ ಮಾಡಲಾರರು.

ಮೊಮ್ಮಗಳಿಗೆ ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. “ಈ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು ತಾ, ನಿಮ್ಮಪ್ಪ-ಅಮ್ಮನ ಮುಂದೆ ಕುಳಿತು ಓದೋಣ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಹೋಗುವುದು ಬೇಡ. ವಿಮಾನದ ಬಾಗಿಲಲ್ಲಿ ನಿಂತಾಗ ಮನಸ್ಸಿಗೆ ಬೇಡ ಅನಿಸಿದರೆ, ಬೇಡ ಅಂತ ಹೇಳಿ ವಿಮಾನದಲ್ಲೇ ಇಳಿದು ಬಾ. ಅದೂ ಧೈರ್ಯವೇ” ಎಂದೆ. ಅವಳು ಮೊಬೈಲಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡಳು. ನಾಲ್ಕಕ್ಕೆ ಉತ್ತರ ತಂದಿದ್ದಾಳೆ, ಉಳಿದವು ಬಾಕಿ ಇವೆ.

ಮಕ್ಕಳಿಗೆ ಒಂದು ಪ್ರಯೋಗ

ಹದಿನೆಂಟು ತುಂಬದ ಮಕ್ಕಳೇ, ನಿಮಗೂ ಒಂದು ಪ್ಯಾರಾಚೂಟ್ ಇದೆ. ಒಂದು ತೆಳು ಕರವಸ್ತ್ರ ತೆಗೆದುಕೊಳ್ಳಿ. ನಾಲ್ಕು ಮೂಲೆಗೂ ಒಂದೇ ಅಳತೆಯ ದಾರ ಕಟ್ಟಿ. ನಾಲ್ಕು ದಾರದ ತುದಿ ಸೇರಿಸಿ ಒಂದು ರಬ್ಬರು ಅಥವಾ ಹುಣಸೆಬೀಜದ ಪುಟ್ಟ ಗಂಟು ಕಟ್ಟಿ. ಬಟ್ಟೆಯನ್ನು ಸಡಿಲವಾಗಿ ಮಡಿಸಿ, ಮೈದಾನದಲ್ಲಿ ನಿಂತು ಮೇಲಕ್ಕೆಸೆಯಿರಿ. ಮಹಡಿಯ ಅಂಚಿಗೆ ಹೋಗಬೇಡಿ, ನೆಲದಲ್ಲೇ ನಿಂತು ಎಸೆದರೆ ಸಾಕು. ಓಲಾಡಿದರೆ ಬಟ್ಟೆಯ ನಡುವೆ ಸಣ್ಣ ತೂತು ಮಾಡಿ ನೋಡಿ, ನೆಟ್ಟಗಾಗುತ್ತದೆ. ಗಾರ್ನೆರಿನ್‌ನ ಕೊಡೆಗೆ ಇದ್ದ ಕೊರತೆ ಇದೇ. ಒಂದು ದಾರವನ್ನು ಗಿಡ್ಡ ಮಾಡಿ ನೋಡಿ, ಒಂದೇ ಕಡೆಗೆ ತಿರುಗುತ್ತದೆ. ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಎಸೆಯಿರಿ, ಬಿಚ್ಚದೆ ಧೊಪ್ಪನೆ ಬೀಳುತ್ತದೆ. ಮಡಿಸುವ ಕೆಲಸಕ್ಕೆ ಪರವಾನಗಿ ಏಕೆ ಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಶಿವಗಂಗೆಗೂ ಬನ್ನಿ. ದಾಬಸ್‌ಪೇಟೆಯಲ್ಲಿ ಇಳಿದರೆ ಬೆಟ್ಟದ ಬುಡ ಏಳೆಂಟು ಕಿಲೋಮೀಟರ್. ಬಿಸಿಲೇರುವ ಮುನ್ನ ಹತ್ತಲು ಶುರುಮಾಡಿ, ಮಳೆಯಲ್ಲಿ ಬೇಡ, ಬಂಡೆ ಜಾರುತ್ತದೆ. ನೀರನ್ನು ಬೆನ್ನಚೀಲದಲ್ಲಿಡಿ. ಕೋತಿಯ ಮುಂದೆ ತಿಂಡಿಯ ಪೊಟ್ಟಣ ಬಿಚ್ಚಬೇಡಿ. ಅಜ್ಜಿ-ತಾತ ಒಳಕಲ್ಲು ತೀರ್ಥದವರೆಗೆ ಬಂದು ಕುಳಿತರೂ ಸಾಕು, ಒತ್ತಾಯ ಬೇಡ. ಕಂಬಿಯ ಆಚೆಗೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವವರನ್ನು ಕಂಡರೆ, ಚಿಕ್ಕವರಾದರೂ ಸರಿ, “ಅಣ್ಣಾ, ಈಚೆ ಬನ್ನಿ” ಎಂದು ಗಟ್ಟಿಯಾಗಿ ಹೇಳಿ. ಅವರ ಬೆನ್ನ ಮೇಲೆ ಎರಡಲ್ಲ, ಒಂದು ಪ್ಯಾರಾಚೂಟೂ ಇರುವುದಿಲ್ಲ.